ಶ್ರಮದಾನದಿಂದ ಮುಯ್ಯಿಗೆ: ರಾಷ್ಟ್ರೀಯ ಸೇವಾ ಯೋಜನೆಯ ಐದೂವರೆ ದಶಕ

ನಮ್ಮ ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಕೆಲವೊಮ್ಮೆ ಏಳು ದಿನ ಬೇರೆಯೇ ಕಳೆ ಬರುವುದುಂಟು. ಬೆಂಚುಗಳು ಗೋಡೆಗೆ ಒರಗಿ ನಿಲ್ಲುತ್ತವೆ, ನೆಲದ ಮೇಲೆ ಜಮಖಾನ, ಚಾಪೆ ಹರಡಿಕೊಳ್ಳುತ್ತವೆ. ಬೆಳಗಿನ ಜಾವಕ್ಕೇ ಸೀಟಿ ಕೇಳುತ್ತದೆ. ಪ್ರಭಾತಫೇರಿ ಮುಗಿಸಿ, ಧ್ವಜ ಏರಿಸಿ, ಉಪ್ಪಿಟ್ಟು ತಿಂದು, ಐವತ್ತು ಮಂದಿ ಹುಡುಗ ಹುಡುಗಿಯರು ಗುದ್ದಲಿ, ಸಲಿಕೆ, ಬಾಣಲಿ ಹಿಡಿದು ಚರಂಡಿಯ ಕಡೆಗೋ ಕೆರೆಯ ಕಡೆಗೋ ಹೊರಡುತ್ತಾರೆ. ಮಧ್ಯಾಹ್ನ ಉಪನ್ಯಾಸ, ಸಂಜೆ ಮನೆಮನೆಯ ಸಮೀಕ್ಷೆ, ರಾತ್ರಿ ಊರವರ ಮುಂದೆ ಹಾಡು, ನಾಟಕ. ಏಳನೆಯ ದಿನ ಸಮಾರೋಪ. ಮಕ್ಕಳು ಬಸ್ಸು ಹತ್ತುವಾಗ ಊರಿನ ಹಿರಿಯರ ಬಾಯಿಂದ ಬರುವ ಮಾತು ಬಹುಮಟ್ಟಿಗೆ ಒಂದೇ: “ಮತ್ತೆ ಯಾವಾಗ ಬರ್ತೀರಪ್ಪಾ?”

ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಎನ್ನೆಸ್ಸೆಸ್, ಶುರುವಾಗಿ ಐದೂವರೆ ದಶಕ ದಾಟಿದೆ. ದೇಶದಲ್ಲಿ ಸುಮಾರು 40 ಲಕ್ಷ ವಿದ್ಯಾರ್ಥಿಗಳು ಅದರಲ್ಲಿ ಹೆಸರು ಬರೆಸಿಕೊಂಡಿದ್ದಾರೆ. ಅದನ್ನು ಅಳೆಯಲು ನಾವು ಬಳಸುತ್ತ ಬಂದ ಲೆಕ್ಕಗಳು ಹಲವು: ನೆಟ್ಟ ಗಿಡ, ಕೊಟ್ಟ ರಕ್ತ, ದುಡಿದ ಗಂಟೆ, ನಡೆದ ಶಿಬಿರ. ನನಗೆ ಮಾತ್ರ ಆ ಹಿರಿಯರ ಪ್ರಶ್ನೆಯೇ ಸರಿಯಾದ ಅಳತೆಗೋಲು ಎನ್ನಿಸುತ್ತದೆ. ಯೋಜನೆಯ ಹುಟ್ಟು, ಸಾಧನೆ, ಸೋಲು, ಮುಂದಿನ ದಾರಿ ಎಲ್ಲವನ್ನೂ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ನೋಡುವ ಪ್ರಯತ್ನ ಈ ಲೇಖನ.

ಹೆಸರು ಹುಟ್ಟುವ ಮೊದಲೇ ಇದ್ದ ಕೆಲಸ

ಒಬ್ಬರ ಹೊಲದ ಕೆಲಸಕ್ಕೆ ಊರಿನ ಹತ್ತು ಮನೆಯವರು ಸೇರುವುದು ನಮಗೆ ಹೊಸದಲ್ಲ. ಹಳೆ ಮೈಸೂರು ಸೀಮೆಯ ರೈತರು ಇದನ್ನು ಮುಯ್ಯಾಳು ಎನ್ನುತ್ತಾರೆ. ಇವತ್ತು ನಿಮ್ಮ ನಾಟಿಗೆ ನಮ್ಮ ಮನೆಯ ಆಳು ಬಂದರೆ, ನಾಳೆ ನಮ್ಮ ನಾಟಿಗೆ ನಿಮ್ಮ ಮನೆಯ ಆಳು. ಕೂಲಿಯ ಮಾತಿಲ್ಲ, ಋಣದ ನೆನಪಿದೆ. ಇದರ ಎದುರಿಗೆ ಬಿಟ್ಟಿ ಇತ್ತು: ಗೌಡರಿಗೋ ಸರ್ಕಾರಕ್ಕೋ ಹೆದರಿ ಮಾಡಬೇಕಾದ, ತಿರುಗಿ ಏನೂ ಬಾರದ ದುಡಿಮೆ. ಆ ಬಿಟ್ಟಿಯ ಭಾರ ಬಿದ್ದದ್ದು ಹೆಚ್ಚಾಗಿ ಕೇರಿಯ ಜನರ ಹೆಗಲ ಮೇಲೆ. ಸ್ವಾತಂತ್ರ್ಯ ಹೋರಾಟ ಇವೆರಡರ ಪಕ್ಕದಲ್ಲಿ ಮೂರನೆಯದೊಂದನ್ನು ತಂದು ನಿಲ್ಲಿಸಿತು. ಅದೇ ಸೇವೆ. ಯಾರ ಒತ್ತಾಯವೂ ಇಲ್ಲದೆ, ಗುರುತಿಲ್ಲದವರಿಗಾಗಿ ಮೈಮುರಿದು ದುಡಿಯುವುದು.

ಆ ಮೂರನೆಯದಕ್ಕೆ ಕರ್ನಾಟಕದಲ್ಲಿ ಗಟ್ಟಿ ಬೇರಿದೆ. ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆಯಾಗಿ ಹಿಂದೂಸ್ತಾನಿ ಸೇವಾದಳ 1923ರಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಹುಬ್ಬಳ್ಳಿಯನ್ನು ತಮ್ಮ ಕರ್ಮಭೂಮಿ ಮಾಡಿಕೊಂಡಿದ್ದ ವೈದ್ಯ ನಾ. ಸು. ಹರ್ಡೀಕರ್. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ ನಡೆದಾಗ ಸ್ವಯಂಸೇವಕರ ಶಿಸ್ತು ಮತ್ತು ದುಡಿಮೆಯನ್ನು ನಾಡು ಕಣ್ಣಾರೆ ಕಂಡಿತು. ಉಮಾಬಾಯಿ ಕುಂದಾಪುರ ಮನೆಮನೆಗೆ ಹೋಗಿ ಕರೆತಂದ ಹೆಣ್ಣುಮಕ್ಕಳೂ ಆ ಸ್ವಯಂಸೇವಕರಲ್ಲಿದ್ದರು. ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ ಅವರು ಸಾರ್ವಜನಿಕ ಕೆಲಸಕ್ಕೆ ನಿಂತರು. ಇಂದು ಶಿಬಿರದಲ್ಲಿ ಬಾಣಲಿ ಹೊರುವ ಪ್ರತಿ ಹುಡುಗಿಯ ಹಿಂದೆ ಆ ಹೆಣ್ಣುಮಕ್ಕಳ ಹೆಜ್ಜೆ ಇದೆ.

ಇಪ್ಪತ್ತು ವರ್ಷದ ಚರ್ಚೆ

ಸ್ವಾತಂತ್ರ್ಯ ಬಂದ ಮೇಲೆ ಎದ್ದ ಪ್ರಶ್ನೆ: ಓದುವ ಮಕ್ಕಳು ದೇಶಕ್ಕೆ ಕೊಡಬೇಕಾದ ದುಡಿಮೆ ಕಡ್ಡಾಯವಾಗಿರಬೇಕೋ, ಅವರ ಇಚ್ಛೆಗೆ ಬಿಡಬೇಕೋ? ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರ ಹೊತ್ತಿಗೆ ಇಚ್ಛೆಯ ಕಡೆಗೆ ವಾಲಿತು. ನೆಹರೂ ಅವರ ಮನಸ್ಸು ಇನ್ನೊಂದು ಕಡೆ ಎಳೆಯುತ್ತಿತ್ತು. ಪದವಿ ಪಡೆಯಲು ಸಮಾಜಸೇವೆಯನ್ನು ಷರತ್ತಾಗಿಸಬಹುದೇ ಎಂಬ ವಿಚಾರವನ್ನು ಅವರು 1958ರಲ್ಲಿ ಮುಖ್ಯಮಂತ್ರಿಗಳಿಗೆ ಬರೆದ ಪತ್ರದಲ್ಲಿ ಮುಂದಿಟ್ಟರು. ಮರುವರ್ಷ ಸಿ. ಡಿ. ದೇಶ್‌ಮುಖ್ ಸಮಿತಿ ರಚನೆಯಾಯಿತು. ಪ್ರೌಢಶಾಲೆ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋಗುವ ಮುನ್ನ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ಸೇವೆ ಇರಲಿ ಎಂದು ಅದು ಹೇಳಿತು. ಖರ್ಚಿನ ಹೊರೆ, ನಡೆಸುವ ಕಷ್ಟ ನೋಡಿ ಸರ್ಕಾರ ಹಿಂದೆ ಸರಿಯಿತು. 1960ರಲ್ಲಿ ಕೆ. ಜಿ. ಸೈಯಿದೈನ್ ಹಲವು ದೇಶಗಳ ಯುವಸೇವೆಯನ್ನು ಅಧ್ಯಯನ ಮಾಡಿ, ಐಚ್ಛಿಕವಾಗಿಯೇ ಆರಂಭಿಸುವುದು ಲೇಸು ಎಂದರು. ಕೊಠಾರಿ ಆಯೋಗ (1964–66) ಶಿಕ್ಷಣದ ಎಲ್ಲ ಹಂತಗಳಲ್ಲೂ ಯಾವುದಾದರೊಂದು ಬಗೆಯ ಸಮಾಜಸೇವೆ ಇರಲೆಂದು ಒತ್ತಿ ಹೇಳಿತು.

ಕಡೆಗೆ ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಯೋಜನೆ ಹೊರಟಿತು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಮಂತ್ರಿ ವಿ. ಕೆ. ಆರ್. ವಿ. ರಾವ್. ಅವರು ಲೋಕಸಭೆಗೆ ಆರಿಸಿ ಹೋಗಿದ್ದು ನಮ್ಮ ಬಳ್ಳಾರಿಯಿಂದ. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರೂ ಅವರೇ. ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕುವುದರಲ್ಲಿ ಹೆಸರು ಮಾಡಿದ ಅರ್ಥಶಾಸ್ತ್ರಜ್ಞ, ಆ ಲೆಕ್ಕದೊಳಗೆ ಬಾರದ ದುಡಿಮೆಗೆ ದಾರಿ ತೆರೆದರು ಎನ್ನುವುದು ನೆನಪಿಡಬೇಕಾದ ಮಾತು.

ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಲಾಂಛನ ಕೊಣಾರ್ಕದ ರಥಚಕ್ರ. ಆದರೆ ಅದರ ಉದ್ದೇಶವನ್ನು ಸರಿಯಾಗಿ ಓದಿಕೊಳ್ಳಬೇಕು. ಸಮುದಾಯ ಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವ ಬೆಳೆಯಲಿ ಎಂಬುದು ಅಲ್ಲಿನ ಮೊದಲ ಮಾತು. ಹಳ್ಳಿಗೆ ಹುಡುಗರು ಕೊಡುವುದಕ್ಕಿಂತ ಮೊದಲು ಹಳ್ಳಿಯೇ ಹುಡುಗರಿಗೆ ಕೊಡುತ್ತದೆ: ಪಾಠವನ್ನು, ಊಟಕ್ಕೆ ತರಕಾರಿಯನ್ನು, ಮಲಗಲು ಜಾಗವನ್ನು. ಹಾಗಾದರೆ ಇದನ್ನು ಬರೀ ‘ದಾನ’ ಎನ್ನುವುದು ಹೇಗೆ? ದಾನ ಕೊಟ್ಟವನು ಮರೆತು ನಡೆಯಬಹುದು. ಮುಯ್ಯಿ ಉಂಡವನು ಮರಳಿ ಹೋಗಲೇಬೇಕು.

120 ಗಂಟೆ, 100 ಮಂದಿ, ಒಬ್ಬ ಮೇಷ್ಟ್ರು

ಯೋಜನೆಯ ಒಳಗಟ್ಟು ಸರಳವಾಗಿದೆ. ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಒಟ್ಟು 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಸಾಮಾನ್ಯವಾಗಿ 100 ಮಂದಿಗೆ ಒಂದು ಘಟಕ, ಘಟಕಕ್ಕೊಬ್ಬ ಕಾರ್ಯಕ್ರಮಾಧಿಕಾರಿ. ಘಟಕವು ಒಂದು ಹಳ್ಳಿಯನ್ನೋ ಕೊಳೆಗೇರಿಯನ್ನೋ ದತ್ತು ತೆಗೆದುಕೊಳ್ಳಬೇಕು. ಪ್ರತಿ ವರ್ಷ ಅರ್ಧದಷ್ಟು ಮಂದಿ ಶಿಬಿರಕ್ಕೆ ಹೋಗುತ್ತಾರೆ. 1985ರಿಂದ ಯೋಜನೆ ಪದವಿಪೂರ್ವ ಹಂತಕ್ಕೂ ಇಳಿಯಿತು.

ಗುಣಿಸಿ ನೋಡಿದರೆ ಒಂದು ಘಟಕದ ಕೈಯಲ್ಲಿ ವರ್ಷಕ್ಕೆ 12,000 ಗಂಟೆ ಇದೆ. 40 ಲಕ್ಷ ಮಂದಿಯದು ಸೇರಿದರೆ 48 ಕೋಟಿ ಗಂಟೆ. ಯಾವ ಗ್ರಾಮ ಪಂಚಾಯಿತಿಯೂ ದುಡ್ಡು ಕೊಟ್ಟು ಕೊಳ್ಳಲಾಗದಷ್ಟು ದೊಡ್ಡ ಬಲ ಇದು. ಇನ್ನು ಹಣದ ಕಡೆ ನೋಡಿ. ದೀರ್ಘಕಾಲ ಜಾರಿಯಲ್ಲಿದ್ದ ದರದ ಪ್ರಕಾರ ಒಬ್ಬ ಸ್ವಯಂಸೇವಕನ ವರ್ಷವಿಡೀ ಚಟುವಟಿಕೆಗೆ 250 ರೂಪಾಯಿ, ಶಿಬಿರಕ್ಕೆ 450 ರೂಪಾಯಿ. ಶಿಬಿರದ ಮೊತ್ತವನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 64 ರೂಪಾಯಿ. ಮೂರು ಹೊತ್ತಿನ ಊಟ, ಓಡಾಟ, ಸಲಕರಣೆ ಎಲ್ಲವೂ ಅದರೊಳಗೇ ಆಗಬೇಕು. ಊರಿನವರು ತಲೆಗೊಂದು ಸೇರು ಅಕ್ಕಿ, ರಾಗಿ, ಒಂದು ಗೊನೆ ಬಾಳೆ ಕೊಡದಿದ್ದರೆ ಎಷ್ಟೋ ಶಿಬಿರಗಳ ಒಲೆ ಹೊತ್ತುತ್ತಿರಲಿಲ್ಲ.

ಈ ಯಂತ್ರದ ಅಚ್ಚು ಯಾವುದು ಎಂದರೆ ಕಾರ್ಯಕ್ರಮಾಧಿಕಾರಿ. ಅವರು ಪೂರ್ಣಾವಧಿಯ ಅಧಿಕಾರಿಯಲ್ಲ, ಪಾಠ, ಪರೀಕ್ಷೆ, ಮೌಲ್ಯಮಾಪನದ ನಡುವೆ ಸಣ್ಣ ಭತ್ಯೆಗೆ ಈ ಹೊಣೆ ಹೊರುವ ಮೇಷ್ಟ್ರು ಅಥವಾ ಮೇಡಂ. ಪಂಚಾಯಿತಿಯ ಬಾಗಿಲು ತಟ್ಟುವವರು ಅವರು, ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕಳಿಸಲು ಹಿಂಜರಿಯುವ ಅಪ್ಪ ಅಮ್ಮನಿಗೆ ಧೈರ್ಯ ಹೇಳುವವರು ಅವರು, ರಾತ್ರಿ ಯಾರಿಗಾದರೂ ಜ್ವರ ಬಂದರೆ ಗಾಡಿ ಹುಡುಕುವವರೂ ಅವರೇ. ಒಳ್ಳೆಯ ಘಟಕ ಎಲ್ಲಿದೆಯೋ ಅಲ್ಲಿ ಅಂಥ ಒಬ್ಬರು ಇದ್ದೇ ಇರುತ್ತಾರೆ.

ಬರದಿಂದ ಏಡ್ಸ್ ಅರಿವಿನವರೆಗೆ

ಐದೂವರೆ ದಶಕದ ಕೆಲಸ ದೇಶದ ನೋವುಗಳ ಬೆನ್ನು ಹಿಡಿದೇ ನಡೆದಿದೆ. 1973ರಲ್ಲಿ ಶಿಬಿರಗಳ ಘೋಷವಾಕ್ಯ ಬರದ ವಿರುದ್ಧ ಯುವಜನ ಎಂಬುದಾಗಿತ್ತು. ಆಮೇಲೆ ಕೊಳೆ ಮತ್ತು ರೋಗದ ವಿರುದ್ಧ, ಗ್ರಾಮಗಳ ಮರುನಿರ್ಮಾಣಕ್ಕಾಗಿ ಎಂದು ಅದು ಬದಲಾಗುತ್ತ ಹೋಯಿತು. 1986ರ ಮೇ ತಿಂಗಳಲ್ಲಿ ಶುರುವಾದ ಸಾಕ್ಷರತಾ ಕಾರ್ಯಕ್ರಮ ಒಬ್ಬ ವಿದ್ಯಾರ್ಥಿ ಒಬ್ಬರಿಗಾದರೂ ಅಕ್ಷರ ಕಲಿಸಲಿ ಎಂದಿತು. 1991ರಲ್ಲಿ ಏಡ್ಸ್ ಬಗ್ಗೆ ವಿಶ್ವವಿದ್ಯಾಲಯಗಳು ಮಾತಾಡಲಿ ಎಂಬ ಕಾರ್ಯಕ್ರಮ ಬಂತು. ಆ ಪದವನ್ನು ಮನೆಯಲ್ಲಿ ಎತ್ತುವುದಕ್ಕೇ ಜನ ಅಂಜುತ್ತಿದ್ದ ದಿನಗಳವು. ಹದಿಹರೆಯದ ಮಕ್ಕಳು ತರಗತಿಯಲ್ಲಿ, ಬೀದಿ ನಾಟಕದಲ್ಲಿ ಅದರ ಬಗ್ಗೆ ನಾಚದೆ ಮಾತಾಡಿದರು. ರಕ್ತದಾನವಂತೂ ಎನ್ನೆಸ್ಸೆಸ್ಸಿನ ಇನ್ನೊಂದು ಹೆಸರೇ ಆಗಿಹೋಗಿದೆ. 2020ರ ಕೊರೊನಾ ಕಾಲದಲ್ಲಿ ಸ್ವಯಂಸೇವಕರು ಮನೆಯಲ್ಲೇ ಮಾಸ್ಕ್ ಹೊಲಿದರು, ಹಿರಿಯರಿಗೆ ಔಷಧಿ ತಲುಪಿಸಿದರು.

ಆದರೂ ನನ್ನ ದೃಷ್ಟಿಯಲ್ಲಿ ಇದರ ಅತಿ ದೊಡ್ಡ ಸಾಧನೆ ಯಾವ ವರದಿಯಲ್ಲೂ ಕಾಣುವುದಿಲ್ಲ. ಚರಂಡಿಗೆ ಇಳಿಯುವ ಕೆಲಸವನ್ನು ಹುಟ್ಟಿನ ಲೆಕ್ಕದಲ್ಲಿ ಕೆಲವರಿಗೇ ಕಟ್ಟಿಟ್ಟ ಸಮಾಜ ನಮ್ಮದು. ಶಿಬಿರದಲ್ಲಿ ಎಲ್ಲ ಜಾತಿಯ ಮಕ್ಕಳೂ ಅದೇ ಚರಂಡಿಗೆ ಇಳಿಯುತ್ತಾರೆ, ಅದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ, ಸರದಿ ಬಂದಾಗ ಎಲ್ಲರ ತಟ್ಟೆ, ಪಾತ್ರೆ ತೊಳೆಯುತ್ತಾರೆ. ಮನೆಯಲ್ಲಿ ಲೋಟ ಎತ್ತಿಡದ ಹುಡುಗ ಇಲ್ಲಿ ಐವತ್ತು ಮಂದಿಗೆ ಚಪಾತಿ ಲಟ್ಟಿಸುತ್ತಾನೆ. ಊರ ಹೆಂಗಸರು ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಾರೆ. ಯಾವ ಉಪನ್ಯಾಸಕ್ಕೂ ಸಿಗದ ಬಲ ಆ ನೋಟಕ್ಕಿದೆ.

ಕೆಲಸ ಎಲ್ಲಿ ಸೊರಗುತ್ತದೆ

ಪ್ರೀತಿ ಇದ್ದ ಕಡೆ ಕಟುವಾದ ಮಾತನ್ನೂ ಆಡಬೇಕಾಗುತ್ತದೆ. ಮೊದಲನೆಯ ದೋಷ, ಊರನ್ನು ಕೇಳದೆ ಕೆಲಸ ಗೊತ್ತುಮಾಡುವುದು. ಊರಿಗೆ ಬೇಕಾದದ್ದು ಅಂಗನವಾಡಿಯ ಮುಂದೆ ನಿಲ್ಲುವ ನೀರಿಗೊಂದು ದಾರಿ. ಶಿಬಿರದ ಪಟ್ಟಿಯಲ್ಲಿರುವುದು ರಸ್ತೆಬದಿಯ ಗಿಡ. ಮಳೆಗಾಲ ಮುಗಿದ ಮೇಲೆ ನಡೆಯುವ ಶಿಬಿರದಲ್ಲಿ ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವವರು ಯಾರು ಎಂದು ಗೊತ್ತುಮಾಡದಿದ್ದರೆ ಮರುವರ್ಷ ಅಲ್ಲಿ ಉಳಿಯುವುದು ಗುಂಡಿ ಮಾತ್ರ.

ಎರಡನೆಯದು, ಕೆಲಸ ಎಲ್ಲಿ ನಡೆಯುತ್ತದೆ ಎನ್ನುವುದು. ದೇವಸ್ಥಾನದ ಅಂಗಳ, ಊರ ಮುಂದಿನ ಬೀದಿ ಬೇಗ ಕಣ್ಣಿಗೆ ಬೀಳುತ್ತವೆ. ಕೇರಿಯ ಕೊನೆಯ ಮನೆಗಳ ಮುಂದಿನ ಕೊಚ್ಚೆ ಕಾಣುವುದು ಅಲ್ಲಿಯವರೆಗೆ ನಡೆದವರಿಗೆ ಮಾತ್ರ. ಮನೆಮನೆಯ ಸಮೀಕ್ಷೆಯನ್ನು ಆ ಕೊನೆಯಿಂದಲೇ ಶುರುಮಾಡಿದರೆ ಶಿಬಿರದ ದಿಕ್ಕೇ ಬದಲಾಗುತ್ತದೆ.

ಮೂರನೆಯದು ಸಮೀಕ್ಷೆಯ ಗತಿ. ಎಷ್ಟೋ ಕಾಲೇಜುಗಳ ಬೀರುವಿನಲ್ಲಿ ಹಳ್ಳಿಯ ಶೌಚಾಲಯ, ಕುಡಿಯುವ ನೀರು, ಶಾಲೆ ಬಿಟ್ಟ ಮಕ್ಕಳ ಲೆಕ್ಕವಿರುವ ಹಾಳೆಗಳು ಧೂಳು ತಿನ್ನುತ್ತಿವೆ. ಆ ಮಾಹಿತಿ ಗ್ರಾಮಸಭೆಯಲ್ಲಿ ಓದಲ್ಪಡಬೇಕಿತ್ತು. ಮನೆಯವರು ಬಾಗಿಲು ತೆರೆದು, ಚಹಾ ಕೊಟ್ಟು, ತಮ್ಮ ಕಷ್ಟ ಹೇಳಿಕೊಂಡಿದ್ದಾರೆ. ಅದನ್ನು ಬೀರುವಿಗೆ ಹಾಕುವುದು ನಂಬಿಕೆಗೆ ಮಾಡುವ ಅನ್ಯಾಯ.

ನಾಲ್ಕನೆಯದು ಎಲ್ಲಕ್ಕಿಂತ ಆಳದ್ದು. ಈ ವರ್ಷ ಒಂದು ಊರು, ಮುಂದಿನ ವರ್ಷ ಇನ್ನೊಂದು. ದತ್ತು ಎಂಬ ಪದವನ್ನು ನಾವು ಇಷ್ಟು ಹಗುರವಾಗಿ ಬಳಸಬಾರದು. ಕಾರ್ಯಕ್ರಮಾಧಿಕಾರಿಗೆ ವರ್ಗವಾದರೆ ಊರಿನ ನಂಟೂ ಅವರೊಡನೆ ಹೊರಟುಹೋಗುತ್ತದೆ. ಪ್ರಮಾಣಪತ್ರ, ಸ್ನಾತಕೋತ್ತರ ಪ್ರವೇಶದ ಕೋಟಾ ಇವೆಲ್ಲ ಮಕ್ಕಳಿಗೆ ನ್ಯಾಯವಾಗಿ ಸಲ್ಲಬೇಕಾದ ಉತ್ತೇಜನಗಳೇ. ಆದರೆ 240 ಗಂಟೆ ತುಂಬಿದ ದಿನ ಸಂಬಂಧವೂ ಮುಗಿಯಿತು ಎಂದಾದರೆ, ಹಿರಿಯರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಹೊರಗಿನ ಮಾದರಿಗಳು

ಇತರ ದೇಶಗಳೂ ಇದೇ ಪ್ರಶ್ನೆಗೆ ತಮ್ಮದೇ ಉತ್ತರ ಹುಡುಕಿವೆ. ನೈಜೀರಿಯಾ 1970ರಲ್ಲಿ ಮುಗಿದ ಅಂತರ್ಯುದ್ಧದ ಗಾಯ ಆರುವ ಮುನ್ನವೇ, 1973ರಲ್ಲಿ, ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆ ತಂದಿತು. ತಮ್ಮದಲ್ಲದ ರಾಜ್ಯದಲ್ಲಿ ಸೇವೆ ಮಾಡಬೇಕೆಂಬುದು ಅದರ ಜೀವಾಳ: ಪರಸ್ಪರ ಕಾದಾಡಿದ ಜನಾಂಗಗಳ ಮಕ್ಕಳು ಒಬ್ಬರ ಊರಲ್ಲಿ ಇನ್ನೊಬ್ಬರು ಬಾಳಲಿ ಎಂದು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲಕ್ಕೆ, 1933ರಿಂದ 1942ರವರೆಗೆ, ಸುಮಾರು 30 ಲಕ್ಷ ನಿರುದ್ಯೋಗಿ ಯುವಕರು ಶಿಬಿರಗಳಲ್ಲಿದ್ದು 300 ಕೋಟಿಯಷ್ಟು ಮರ ನೆಟ್ಟರು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ ಬಹುಪಾಲು ನೇರ ಮನೆಗೆ. 1993ರ ಕಾಯ್ದೆಯಿಂದ ಬಂದ ಅಮೆರಿಕೋರ್ ಅದೇ ಬಳ್ಳಿಯ ಇನ್ನೊಂದು ಕುಡಿ: ಸೇವೆಯ ಅವಧಿಯಲ್ಲಿ ಜೀವನ ಭತ್ಯೆ, ಮುಗಿದ ಮೇಲೆ ಓದಿಗೆ ನೆರವು. ಜರ್ಮನಿ 2011ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ನಿಲ್ಲಿಸಿದಾಗ ಅದರ ಬದಲಿಗಿದ್ದ ನಾಗರಿಕ ಸೇವೆಯೂ ನಿಂತಿತು. ಆ ಜಾಗಕ್ಕೆ ಬಂದ ಐಚ್ಛಿಕ ಸೇವೆಯ ಬಾಗಿಲು ಎಲ್ಲ ವಯಸ್ಸಿನವರಿಗೂ ತೆರೆಯಿತು.

ಇವು ಬಹುಮಟ್ಟಿಗೆ ಪೂರ್ಣಾವಧಿಯ ಸೇವೆಗಳು. ನಮ್ಮಲ್ಲೂ ಆ ದಾರಿ ಇದೆ. 1972ರಲ್ಲಿ ಶುರುವಾದ ನೆಹರೂ ಯುವ ಕೇಂದ್ರಗಳು ವಿದ್ಯಾರ್ಥಿಗಳಲ್ಲದ ಹಳ್ಳಿಯ ಯುವಜನರ ನಡುವೆ ದುಡಿದವು. ಅವುಗಳ ಮೂಲಕ ನಡೆದ ರಾಷ್ಟ್ರೀಯ ಸೇವಾ ಸ್ವಯಂಸೇವಕ ಯೋಜನೆಯನ್ನು 2010ರ ಸುಮಾರಿಗೆ ರಾಷ್ಟ್ರೀಯ ಯುವ ಪಡೆಯೊಳಗೆ ಸೇರಿಸಲಾಯಿತು. ತಾಲ್ಲೂಕಿನಲ್ಲಿ ಗೌರವಧನದ ಮೇಲೆ ದುಡಿಯುವ ಒಬ್ಬಿಬ್ಬರು ಯುವ ಸ್ವಯಂಸೇವಕರು ಆ ನೆಲದವರೇ ಆಗಿರುತ್ತಾರೆ. ಶಿಬಿರದ ಹುಡುಗರಿಗೆ ಇಲ್ಲದ ಸಮಯ ಇವರಲ್ಲಿದೆ. ಇವರಲ್ಲಿಲ್ಲದ ಕೈಬಲ ಶಿಬಿರದಲ್ಲಿದೆ. ಎರಡನ್ನೂ ಜೋಡಿಸುವ ಕೆಲಸ ಆಗಬೇಕು. 2023ರ ಅಕ್ಟೋಬರ್‌ನಲ್ಲಿ ಶುರುವಾದ ‘ಮೇರಾ ಯುವ ಭಾರತ್’ ವೇದಿಕೆ ಹೆಸರು ನೋಂದಾಯಿಸುವುದರಲ್ಲೇ ನಿಲ್ಲದೆ ಈ ಜೋಡಣೆಗೆ ಸೇತುವೆಯಾದರೆ ಬಹಳ ಉಪಕಾರವಾದೀತು.

ನೆಲೆ ನಿಂತವರು, ಕೈಬಲ್ಲವರು

ಉಳಿಯುವ ಸೇವೆಗೆ ಎರಡು ಗುಣ ಬೇಕು: ಒಂದೆಡೆ ನೆಲೆ ನಿಲ್ಲುವುದು, ಕಲಿತ ವಿದ್ಯೆಯನ್ನೇ ಧಾರೆ ಎರೆಯುವುದು. ಎರಡಕ್ಕೂ ಹತ್ತಿರದಲ್ಲೇ ನಿದರ್ಶನವಿದೆ.

1984ರಲ್ಲಿ ಮೈಸೂರಿನ ಕೆಲವು ವೈದ್ಯಕೀಯ ವಿದ್ಯಾರ್ಥಿಗಳು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿದ ಮೇಲೆ ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ನಡುವೆ ನೆಲೆ ನಿಂತರು. ಚಿಕ್ಕ ಚಿಕಿತ್ಸಾಲಯ ಆಸ್ಪತ್ರೆಯಾಯಿತು, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ಎದ್ದಿತು. ಇದು ಎನ್ನೆಸ್ಸೆಸ್ ಘಟಕವಲ್ಲ ನಿಜ. ಆದರೆ ವಿದ್ಯಾರ್ಥಿ ದೆಸೆಯ ಒಂದು ಕಿಡಿ ಒಂದೇ ಊರನ್ನು ಹಿಡಿದು ನಿಂತರೆ ಎಷ್ಟು ದೂರ ಬೆಳಕು ಚೆಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ಗುಣಕ್ಕೆ ಪಕ್ಕದ ಕೇರಳದ ‘ಪುನರ್ಜನಿ’ ನೋಡಬಹುದು. ಅಲ್ಲಿ ತಾಂತ್ರಿಕ ಕಾಲೇಜುಗಳ ಎನ್ನೆಸ್ಸೆಸ್ ಸ್ವಯಂಸೇವಕರು ಸರ್ಕಾರಿ ಆಸ್ಪತ್ರೆಗಳಲ್ಲೇ ಶಿಬಿರ ಹೂಡಿ, ಮೂಲೆ ಸೇರಿದ ಮಂಚ, ಗಾಲಿಕುರ್ಚಿ, ಉಪಕರಣಗಳನ್ನು ದುರಸ್ತಿ ಮಾಡಿಕೊಡುತ್ತಾರೆ. ಕಸವಾಗಿ ಬಿದ್ದದ್ದು ರೋಗಿಯ ಉಪಯೋಗಕ್ಕೆ ಬರುತ್ತದೆ, ಹುಡುಗರ ಪುಸ್ತಕದ ಪಾಠ ಕೈಗೆ ಇಳಿಯುತ್ತದೆ. ನಮ್ಮ ವಾಣಿಜ್ಯ ವಿದ್ಯಾರ್ಥಿಗಳು ಸ್ತ್ರೀಶಕ್ತಿ ಸಂಘಗಳ ಲೆಕ್ಕದ ಪುಸ್ತಕ ಸರಿಪಡಿಸಿಕೊಡಬಹುದು. ರಸಾಯನಶಾಸ್ತ್ರದವರು ಊರಿನ ಕೊಳವೆಬಾವಿಗಳ ಫ್ಲೋರೈಡ್ ಅಂಶ ಪರೀಕ್ಷಿಸಿ ಗ್ರಾಮಸಭೆಗೆ ಹೇಳಬಹುದು. ಕನ್ನಡ ವಿದ್ಯಾರ್ಥಿಗಳು ಪಿಂಚಣಿಗೆ ಅರ್ಜಿ ಬರೆಯಲು ಬಾರದ ಅಜ್ಜಿಗೆ ಅರ್ಜಿ ಬರೆದುಕೊಡಬಹುದು. ಅಲ್ಲಿ ಗುದ್ದಲಿಯಷ್ಟೇ ಪೆನ್ನಿಗೂ ಕೆಲಸವಿದೆ.

ನಗರದ ಕಾಲೇಜುಗಳಿಗೂ ಒಂದು ಮಾತು. ಐವತ್ತು ಕಿಲೋಮೀಟರ್ ದೂರದ ಹಳ್ಳಿಗೆ ವರ್ಷಕ್ಕೊಮ್ಮೆ ಹೋಗುವುದು ಒಳ್ಳೆಯದೇ. ಆದರೆ ಕಾಲೇಜಿನ ಹಿಂಗೋಡೆಗೆ ಅಂಟಿಕೊಂಡೇ ಒಂದು ಕೊಳೆಗೇರಿ ಇರುತ್ತದೆ. ಅಲ್ಲಿನ ಮಕ್ಕಳಿಗೆ ಸಂಜೆ ಎರಡು ಗಂಟೆ ಲೆಕ್ಕ, ಇಂಗ್ಲಿಷ್ ಹೇಳಿಕೊಡಲು ಬಸ್ಸೂ ಬೇಡ, ಬಜೆಟ್ಟೂ ಬೇಡ. 120 ಗಂಟೆಯ ನಿತ್ಯದ ಚಟುವಟಿಕೆ ಇರುವುದೇ ಇಂಥ ನೆರೆಹೊರೆಯ ಕೆಲಸಕ್ಕಾಗಿ.

ಮುಯ್ಯಿ ಪುಸ್ತಕ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಮುದಾಯ ಸೇವೆಗೂ ಕ್ರೆಡಿಟ್ ಕೊಡುವ ಮಾತಾಡಿದ ಮೇಲೆ, ಎಪ್ಪತ್ತು ವರ್ಷ ಹಳೆಯ ಚರ್ಚೆ ಮತ್ತೆ ಜೀವ ಪಡೆದಿದೆ. ಅಂಕಕ್ಕೆ ಕಟ್ಟಿದರೆ ಸೇವೆ ಕೆಡುತ್ತದೆಯೇ? ನನ್ನ ಉತ್ತರ: ಅಂಕದಿಂದ ಕೆಡುವುದಿಲ್ಲ, ಅಂಕ ಕೊಡುವವರ ಸಾಲಿನಲ್ಲಿ ಊರು ಇಲ್ಲದಿದ್ದರೆ ಕೆಡುತ್ತದೆ. ಇಂದು ಸ್ವಯಂಸೇವಕನ ಬಳಿ ದಿನಚರಿ ಇದೆ, ಕಾಲೇಜಿನ ಬಳಿ ವರದಿ ಇದೆ, ವಿಶ್ವವಿದ್ಯಾಲಯದ ಬಳಿ ಪ್ರಶಸ್ತಿಪಟ್ಟಿ ಇದೆ. ಊರಿನ ಕೈಯಲ್ಲಿ ಮಾತ್ರ ಏನೂ ಇಲ್ಲ.

ನಮ್ಮ ಮದುವೆ ಮನೆಗಳಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದುಕೊಳ್ಳುತ್ತಾರೆ. ಅದು ಲೋಭದ ಲೆಕ್ಕವಲ್ಲ. ಅವರ ಮನೆಯ ಕಾರ್ಯಕ್ಕೆ ನಾವೂ ಹೋಗಬೇಕು ಎಂಬ ನೆನಪಿನ ಲೆಕ್ಕ. ದತ್ತು ಪಡೆದ ಪ್ರತಿ ಊರಿನ ಪಂಚಾಯಿತಿಯಲ್ಲೂ ಅಂಥದೊಂದು ಪುಸ್ತಕ ಇರಲಿ. ಈ ವರ್ಷ ಏನು ಕೆಲಸ ಬೇಕೆಂದು ಊರು ಕೇಳಿತು, ಕಾಲೇಜು ಏನು ಮಾಡಿತು, ಯಾವುದು ಅರ್ಧಕ್ಕೆ ನಿಂತಿತು ಎಂದು ಊರವರೇ ಬರೆಯಲಿ. ಕೇರಿಯವರೂ ಹೆಂಗಸರೂ ಬರೆಸಲಿ. ಕನಿಷ್ಠ ಐದು ವರ್ಷ ಕಾಲೇಜು ಆ ಊರನ್ನು ಬಿಡದಿರಲಿ. ಮೇಷ್ಟ್ರಿಗೆ ವರ್ಗವಾದರೆ ಹೊಸದಾಗಿ ಬಂದವರು ಮೊದಲು ಆ ಪುಸ್ತಕ ಓದಲಿ.

ಮರುವರ್ಷದ ಶಿಬಿರದ ಮೊದಲ ಸಂಜೆ, ಉದ್ಘಾಟನೆಯ ಹಾರ ತುರಾಯಿಗಳಿಗೆ ಮೊದಲು, ಊರಿನವರೊಬ್ಬರು ಎದ್ದು ಆ ಪುಟಗಳನ್ನು ಎಲ್ಲರೆದುರು ಓದಬೇಕು: ಹೋದ ವರ್ಷ ತೋಡಿದ ಇಂಗುಗುಂಡಿ ತುಂಬಿದೆ, ಎರಡನೆಯ ಕೇರಿಯ ಚರಂಡಿ ಮತ್ತೆ ಕಟ್ಟಿಕೊಂಡಿದೆ, ನೆಟ್ಟ ನಲವತ್ತು ಹೊಂಗೆಯಲ್ಲಿ ಹದಿನೇಳು ಬದುಕಿವೆ. ಅದನ್ನು ಕೇಳಿಸಿಕೊಂಡ ಐವತ್ತು ಮಕ್ಕಳಿಗೆ ಬೆಳಿಗ್ಗೆ ಗುದ್ದಲಿ ಹಿಡಿದು ಎಲ್ಲಿಗೆ ನಡೆಯಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.